ಅಣಬೆಯ ಪಲ್ಯ ಮತ್ತು ಸುಶೀಲವ್ವನ ದ್ರಾಕ್ಷಾಸವ

ಬಂಕಾಪುರದ ಮಠದಲ್ಲಿ ಶ್ರಾವಣದ ಪುರಾಣ ಮುಗಿದ ಮೇಲೆ ಹೊಳಬಸಪ್ಪ ಎದ್ದು ನಿಂತು ದಾರೂಬಂದಿಯ ಬಗ್ಗೆ ನಾಲ್ಕು ಮಾತು ಆಡುವುದು ಊರಿಗೆ ರೂಢಿಯಾಗಿತ್ತು. ಮುಂಬಯಿ ಸರಕಾರ ಸೆರೆ ಮಾರುವುದನ್ನೂ ಕುಡಿಯುವುದನ್ನೂ ನಿಲ್ಲಿಸಿದಂದಿನಿಂದ ಊರಿನ ದಾರೂಬಂದಿ ಸಮಿತಿಗೆ ಅವನೇ ಅಧ್ಯಕ್ಷ. ಹುಟ್ಟಿದಾಗಿನಿಂದ ಒಂದು ಹನಿ ಸೆರೆ ಮುಟ್ಟಿದವನಲ್ಲ. ಹಣೆಯ ವಿಭೂತಿ, ಕೊರಳ ಲಿಂಗ, ಆಡಿದ ಮಾತು, ಈ ಮೂರರಲ್ಲಿ ಒಂದೂ ಕದಲದ ಮನುಷ್ಯ ಎಂದು ಜನ ಹೇಳುತ್ತಿದ್ದರು.

ಆ ಸೋಮವಾರವೂ ಅವನು ಎಂದಿನಂತೆ ಕಂಬಕ್ಕೆ ಒರಗಿ ನಿಂತು ಶುರು ಮಾಡಿದನು.

"ಕುಡದಾಂವನ ಗುರುತು ಹೇಳತೇನಿ, ಕೇಳ್ರಿ. ಮೊದಲ ಮಾರಿ ಕೆಂಪಗ ಆಗತೈತಿ. ಆಮ್ಯಾಲೆ ಕಣ್ಣು ಉರೀತಾವ. ಆಮ್ಯಾಲೆ ಕಾಲು ಒಂದು ಕಡೆ ನಿಲ್ಲೂದಿಲ್ಲ..."

ಹೇಳುತ್ತಿದ್ದಂತೆಯೇ ಅವನ ಕಿವಿಯ ಹಿಂದೆ ಯಾರೋ ಕೆಂಡ ಹಿಡಿದಂತಾಯಿತು. ಆ ಕಾವು ಕುತ್ತಿಗೆಗೆ ಇಳಿದು ಮುಖಕ್ಕೆ ಏರಿತು. ಎದೆ ಒಕ್ಕಲಾಟದ ಕಣದಂತೆ ದಡದಡ ಬಡಿಯತೊಡಗಿತು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಕಂಬ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟವನು ಜೋಲಿ ಹೊಡೆದು ಮತ್ತೆ ಕಂಬವನ್ನೇ ಅಪ್ಪಿಕೊಂಡನು.

ಹೋದ ವರ್ಷ ಕುಡಿದು ಸಿಕ್ಕಿಬಿದ್ದು ಇದೇ ಸಮಿತಿಯಿಂದ ಛೀಮಾರಿ ಹಾಕಿಸಿಕೊಂಡಿದ್ದ ಗಾಣದ ಗುದ್ಲೆಪ್ಪ ಹಿಂದಿನ ಸಾಲಿನಿಂದ ಬಲು ಮೆಲ್ಲಗೆ ಅಂದನು:

"ಅಧ್ಯಕ್ಷರು ಬರೇ ಬಾಯಿಲೆ ಹೇಳೂದು ಬಿಟ್ಟು, ಮಾಡಿ ತೋರಸಾಕತ್ತಾರಲ್ಲೋ."

ಮೆಲ್ಲಗೆ ಅಂದರೂ ಅದು ಮಠದ ಮೂಲೆಮೂಲೆಗೂ ಕೇಳಿಸಿತು. ನಗು ಒಂದು ಕಡೆಯಿಂದ ಹೊತ್ತಿಕೊಂಡು ಇನ್ನೊಂದು ಕಡೆಗೆ ಹಬ್ಬಿತು. ಮಗ ನೀಲಪ್ಪ ಓಡಿ ಬಂದು ತಂದೆಯ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದನು.

ಮನೆಯಲ್ಲಿ ಹೊಳಬಸಪ್ಪನ ಅಕ್ಕ ಅನ್ನವ್ವ ಬಾಗಿಲಲ್ಲೇ ಕುಳಿತಿದ್ದಳು. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು. ತಮ್ಮನ ಹೆಂಡತಿ ಸುಶೀಲವ್ವ ಹೋದ ವರ್ಷ ಶಿವರಾತ್ರಿಯ ಮುಂದೆ ಲಿಂಗೈಕ್ಯಳಾದ ಮೇಲೆ ಮನೆಯ ಯಜಮಾನಿಕೆಯೂ ಅವಳದೇ. ತಮ್ಮನ ಕೆಂಪು ಮುಖ ನೋಡಿದಳು, ಬಡಿಯುವ ಎದೆ ಮುಟ್ಟಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಒಂದು ಮೊರ ತಂದು ಎಲ್ಲರ ನಡುವೆ ಇಟ್ಟಳು.

ಮೊರದ ತುಂಬ ಕರಿ ಮಸಿ. ಬೆಳಿಗ್ಗೆ ಅದರಲ್ಲಿ ಇದ್ದದ್ದು ಅಣಬೆ.

ಆ ಅಣಬೆ ತಂದವಳು ಸೊಸೆ ಮಾದೇವಿ. ಬೇಸಿಗೆಯಲ್ಲಿ ಮದುವೆಯಾಗಿ ಹಿರೇಕೆರೂರ ಕಡೆಯ ಮಾಸೂರಿನಿಂದ ಬಂದವಳು. ಮದಗದ ಕೆರೆಯ ದಂಡೆಯ ಆ ಊರಿನಲ್ಲಿ ಮಳೆ ಹಿಡಿದರೆ ಹೆಂಗಸರು ಬುಟ್ಟಿ ಹಿಡಿದು ಅಣಬೆಗೆ ಹೊರಡುತ್ತಾರೆ. ಬಂಕಾಪುರದಲ್ಲಿ ಆ ರೂಢಿಯಿಲ್ಲ. ಇಲ್ಲಿ ಅದು ನಾಯಿಕೊಡೆ, ಹುಡುಗರು ಒದ್ದು ಆಡುವ ವಸ್ತು. ಆ ದಿನ ಬೆಳಿಗ್ಗೆ ಹಿತ್ತಲಲ್ಲಿ ಕಡಿದ ಹುಣಸೆಮರದ ಬೊಡ್ಡೆಯ ಸುತ್ತ ಬೂದುಬಣ್ಣದ ಅಣಬೆಗಳು ಚಿಕ್ಕ ಚಿಕ್ಕ ಗಂಟೆ ಕವುಚಿಟ್ಟಂತೆ ಗೊಂಚಲು ಗೊಂಚಲಾಗಿ ಎದ್ದಿದ್ದವು. ಮಾದೇವಿ ಅವನ್ನು ಕಂಡು, ತವರಿನವರೇ ಬಂದು ನಿಂತಿದ್ದಾರೆ ಎನ್ನುವಂತೆ ಒಳಗೆ ಓಡಿ ಬಂದಿದ್ದಳು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಪಲ್ಯ ಮಾಡಿದಳು. ಮಧ್ಯಾಹ್ನ ರೊಟ್ಟಿಯ ಜೊತೆ ಎಲ್ಲರೂ ಉಂಡರು. ನಾಯಿಕೊಡೆ ಎಂದು ಮೂಗು ಮುರಿದ ಅನ್ನವ್ವ ಎರಡು ಸಲ ಹಾಕಿಸಿಕೊಂಡಿದ್ದಳು. ಬೆಳ್ಳುಳ್ಳಿ ಬೆಂದ ಆ ಪರಿಮಳಕ್ಕೆ ಹೊಳಬಸಪ್ಪನ ಮನಸ್ಸೂ ಬಹಳ ದಿನಗಳ ಮೇಲೆ ಅರಳಿತ್ತು.

"ಮುಂಜಾನೆ ಬೂದಿ ಬಣ್ಣ, ಸಂಜೀಕ ಕರಿ ಮಸಿ," ಅಂದಳು ಅನ್ನವ್ವ. "ಇದು ತಿನ್ನೂ ವಸ್ತು ಏನ?"

"ಅತ್ತಿ, ಇದು ಮಸಿ ಅಣಬಿ," ಅಂದಳು ಮಾದೇವಿ. "ಕೊಡಿ ಬಿಚ್ಚೂದರಾಗ ಅಡಗಿ ಮಾಡಬೇಕು. ಇಟ್ಟರ ಹಿಂಗ ಕರಗತೈತಿ. ನಮ್ಮೂರಾಗ ಸಣ್ಣ ಹುಡುಗ್ರೂ ತಿಂತಾವ. ನೀವೂ ತಿಂದ್ರಿ, ನಾವೂ ತಿಂದ್ವಿ, ಏನರ ಆತೇನು?"

ಪಾಪ, ಹುಡುಗಿ ತನ್ನನ್ನು ಉಳಿಸಿಕೊಳ್ಳಲು ಆಡಿದ ಆ ಮಾತೇ ಅವಳ ಕೊರಳಿಗೆ ಬಂತು.

"ಅದನ್ನ ನಾನೂ ಅನ್ನೂದು. ಎಲ್ಲಾರೂ ತಿಂದ್ವಿ, ಒಬ್ಬಂವಗ ಹತ್ತೈತಿ. ಹಂಗಾರ ಅದು ಅಣಬಿ ಅಲ್ಲ. ಅವನ ತಾಟಿಗೆ ಬ್ಯಾರೆ ಬಿದ್ದೈತಿ." ಅನ್ನವ್ವ ಧ್ವನಿ ತಗ್ಗಿಸಿದಳು. "ಮದ್ದು."

ಅನ್ನದಲ್ಲಿ ಗುಟ್ಟಾಗಿ ಏನಾದರೂ ಬೆರೆಸಿ ಮನುಷ್ಯನನ್ನು ಒಳಗಿಂದ ಕೊರೆಯುವುದಕ್ಕೆ ಆ ಕಡೆ ಮದ್ದು ಹಾಕುವುದು ಎನ್ನುತ್ತಾರೆ. ಆ ಮಾತು ಒಂದು ಸಲ ಹೆಣ್ಣಿನ ಮೇಲೆ ಬಿತ್ತೆಂದರೆ ಮುಗಿಯಿತು, ಅವಳ ಕೈಯಿಂದ ಯಾರೂ ನೀರು ಸಹ ಇಸಿದುಕೊಳ್ಳುವುದಿಲ್ಲ. ಮಾದೇವಿ ಮೊರದ ಮುಂದೆಯೇ ಕುಸಿದು ಕುಳಿತಳು. ನೀಲಪ್ಪ ಗೋಡೆ ನೋಡಿದನು. ಹೊಳಬಸಪ್ಪನಿಗೆ ಆ ಮಾತು ಒಪ್ಪಲಾಗಲಿಲ್ಲ. ದಿನಾ ಪೂಜೆಗೆ ಅಗ್ಘವಣಿಯ ನೀರು ತರುವಾಗ ಆ ಹುಡುಗಿ ಒಂದು ಹನಿಯೂ ತುಳುಕದಂತೆ ತರುತ್ತಿದ್ದಳು, ಥೇಟ್ ಸುಶೀಲವ್ವನ ಹಾಗೆ. ಆದರೆ ತನ್ನ ಮೈ ಸುಳ್ಳು ಹೇಳುತ್ತಿದೆಯೇ?

ಮರುದಿನ ಅನ್ನವ್ವ ಸೊಸೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ತಾನೇ ಗಂಜಿ ಮಾಡಿ ತಮ್ಮನಿಗೆ ಕುಡಿಸಿದಳು. ಹಗಲೆಲ್ಲ ಅವನು ಗಟ್ಟಿಯಾಗಿಯೇ ಇದ್ದನು. ಸಂಜೆ ಕೈಕಾಲು ತೊಳೆದು, ಪೂಜೆ ಮುಗಿಸಿ, ಎಂದಿನಂತೆ ಎರಡು ಚಮಚೆ ದ್ರಾಕ್ಷಾಸವ ಕುಡಿದು ಮಠಕ್ಕೆ ಹೊರಡಲು ರುಮಾಲು ಸುತ್ತುತ್ತಿದ್ದಾಗ ಮತ್ತೆ ಅದೇ ಕೆಂಡ, ಅದೇ ದಡದಡ.

"ಗಂಜಿ ನಾನ ಮಾಡೇನಿ," ಅಂದಳು ಅನ್ನವ್ವ. ಅವಳ ಕಣ್ಣಲ್ಲಿ ಹೆದರಿಕೆಯೂ ಇತ್ತು, ಗೆಲುವೂ ಇತ್ತು. "ಮದ್ದು ಒಳಗ ಬೇರು ಬಿಟ್ಟೈತಿ. ನೀಲಪ್ಪಾ, ನಾಳೆ ಸಂಜೀ ಬಸ್ಸಿಗೆ ಇಕೀನ ಮಾಸೂರಿಗೆ ಮುಟ್ಟಿಸಿ ಬಾ. ಹೊಳ್ಳಿ ಕರಕೊಂಡು ಬರೂದು ಬ್ಯಾಡ."

ಈ ಸಲ ಹೊಳಬಸಪ್ಪನ ಬಾಯಿಂದಲೂ ಬೇಡ ಎಂಬ ಮಾತು ಹೊರಡಲಿಲ್ಲ.

ಬುಧವಾರ ಬೆಳಕು ಹರಿಯುತ್ತಲೇ ಖಾದರಸಾಬ ಬಂದನು. ಪೇಟೆಯಲ್ಲಿ ದ್ರಾಕ್ಷಿ, ಲವಂಗ, ಬೇರು ನಾರು ಮಾರುವ ಅಂಗಡಿಯವನು. ಹೊಳಬಸಪ್ಪನೂ ಅವನೂ ಒಂದೇ ಶಾಲೆಯಲ್ಲಿ ಒಂದೇ ಬೆತ್ತದಿಂದ ಪೆಟ್ಟು ತಿಂದವರು.

"ಏನಪಾ ಅಧ್ಯಕ್ಷ, ಊರೆಲ್ಲ ನಿನ್ನದ ಸುದ್ದಿ. ಪಲ್ಯ ನಮ್ಮ ಮನಿಗೂ ಒಂದು ಬಟ್ಟಲಾ ಬಂದಿತ್ತು. ನಾ ತಿಂದೆ, ನನ್ನ ಹೇಣ್ತಿ ಹಾಜರಾಬಿ ತಿಂದ್ಳು. ನನ್ನ ಮಾರಿ ನೋಡು, ಕೆಂಪಗೈತೇನ?"

"ನಿನ್ನ ಮಾರಿ ಕರಿಕಲ್ಲು. ಕೆಂಪಾದರ ಯಾರಿಗೆ ತಿಳೀತೈತಿ?"

"ನಗ್ಯಾಡಾಕ ಬರತೈತಂದ್ರ ಇನ್ನೂ ಜೀವ ಐತಿ. ಏಳು. ಸವಣೂರಾಗ ನಮ್ಮ ಅಕ್ಕನ ಮಗ ಕುತುಬುದ್ದೀನ ಡಾಕ್ಟರಕೀ ಶುರು ಮಾಡ್ಯಾನ. ಆ ಹುಡುಗಿ ಬಸ್ಸು ಹತ್ತೂದರಾಗ ಹೋಗಿ ತೋರಿಸಿಕೊಂಡು ಬರೋಣು."

ಸವಣೂರಿನ ದವಾಖಾನೆ ಹಳೆಯ ಮನೆಯೊಂದರ ಪಡಸಾಲೆ. ಹಿಂದಿನ ಎಲೆದೋಟದ ಹಸಿ ಮಣ್ಣಿನ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಡಾಕ್ಟರ ಕುತುಬುದ್ದೀನ ಎಳೆಯ ವಯಸ್ಸಿನವನು, ಚಟಪಟ ಮಾತು. ಎಲ್ಲವನ್ನೂ ಕೇಳಿದನು. ಅಣಬೆಯ ಬಣ್ಣ, ಆಕಾರ, ಮಸಿಯಾಗಿ ಕರಗಿದ್ದು ಕೇಳಿದಾಗ ಕುರ್ಚಿಯಿಂದ ಎದ್ದುಬಿಟ್ಟನು.

"ಅಜ್ಜಾರ, ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಆ ಹೊತ್ತಿಗೆ ಸೆರೆ ಏನಾದರೂ..."

ಹೊಳಬಸಪ್ಪ ಧೋತರ ಸಾವರಿಸಿಕೊಂಡು ಎದ್ದು ನಿಂತನು. "ಖಾದರಾ, ನಡಿ ಮನಿಗೆ."

"ಏ ಹುಚ್ಚಾ," ಅಂದನು ಖಾದರಸಾಬ ಅಳಿಯನಿಗೆ, "ಯಾರಿಗೆ ಏನು ಕೇಳಾಕತ್ತೀ? ಈ ಮನಶ್ಯಾ ದಾರೂಬಂದಿ ಸಮಿತಿ ಅಧ್ಯಕ್ಷ. ಸೆರೆ ಅಂಗಡಿ ಇದ್ದ ಓಣಿಯೊಳಗ ಸುದ್ದಾ ಹಾಯೂದಿಲ್ಲ."

ಡಾಕ್ಟರನ ಮುಖದ ಹುರುಪು ಇಳಿಯಿತು. "ಹಂಗಾರ ನನ್ನ ಎಣಿಕಿ ತಪ್ಪು. ರಕ್ತಾ ತಪಾಸ ಮಾಡೋಣು, ಕೂಡ್ರಿ," ಅಂದು ಒಂದು ಬಾಟಲಿಯಿಂದ ಹತ್ತಿಗೆ ಏನೋ ಸುರಿದುಕೊಂಡು ಅವನ ಮೊಣಕೈ ಒರೆಸಿದನು.

ತಣ್ಣಗೆ ಆಯಿತು. ಜೊತೆಗೇ ಒಂದು ವಾಸನೆ ಎದ್ದು ಬಂತು.

ಹೊಳಬಸಪ್ಪ ಮೊಣಕೈಯತ್ತ ಮುಖ ಬಗ್ಗಿಸಿದನು. ಅದು ಸುಶೀಲವ್ವನ ವಾಸನೆ. ಅವಳು ಪ್ರತಿ ಚಳಿಗಾಲದಲ್ಲಿ ದ್ರಾಕ್ಷಿ, ಬೆಲ್ಲ, ಧಾತಕಿ ಹೂ ಕೂಡಿಸಿ, ಭರಣಿಯ ಬಾಯಿಗೆ ಅರಿವೆ ಕಟ್ಟಿ, ಕಾಳಿನ ಹಗೇವಿನ ಪಕ್ಕದಲ್ಲಿ ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದಳು. ಗಂಡನ ನಿಶ್ಶಕ್ತಿಗೆಂದು ವೈದ್ಯರು ಹೇಳಿಕೊಟ್ಟ ದ್ರಾಕ್ಷಾಸವ. ತೀರಿಕೊಳ್ಳುವ ಮುಂಚೆ ಮಾಡಿಟ್ಟ ಕಡೆಯ ಭರಣಿಯನ್ನು ಅವನು ಜೀವ ಹಿಡಿದಂತೆ ಹಿಡಿದು ಬಳಸುತ್ತಿದ್ದನು. ಸಂಜೆ ಅರಿವೆ ಬಿಚ್ಚಿದೊಡನೆ ಮೂಗಿಗೆ ಚುರುಕ್ಕೆನ್ನುವ ಆ ವಾಸನೆ ಬಂದರೆ, ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಈಚೆ ಬಂದಂತಾಗುತ್ತಿತ್ತು. ದ್ರಾಕ್ಷಿ, ಬೆಲ್ಲದ ಪರಿಮಳ ತೆಗೆದು ಹಾಕಿದರೆ ಉಳಿಯುವ ಚುರುಕು ಈ ಹತ್ತಿಯಲ್ಲಿತ್ತು.

"ಡಾಕ್ಟರ," ಅಂದನು, "ಆ ಹತ್ತಿ ಇನ್ನೊಮ್ಮೆ ಮೂಗಿಗೆ ಹಿಡೀರಿ. ಇದೇನಿದು?"

"ಸ್ಪಿರಿಟ್ರಿ. ಅಂದ್ರ, ಸೆರೆಯೊಳಗಿನ ಸತ್ವ."

"ದ್ರಾಕ್ಷಾಸವದಾಗ ಇದು ಇರತೈತೇನು?"

ಡಾಕ್ಟರ ಸೂಜಿಯನ್ನು ತಟ್ಟೆಗೆ ಹಾಕಿದನು. "ಇದಿಲ್ಲದ ಆಸವನ ಇಲ್ಲರಿ. ಬೆಲ್ಲ ಹುದುಗಿ ತಾನ ಹುಟ್ಟತೈತಿ. ಔಷಧ ಅಂತ ಸರಕಾರನೂ ಬಿಟ್ಟೈತಿ. ನೀವು ತಗೋತೀರೇನು? ಯಾವಾಗ?"

"ಸಂಜೀಕ. ಪೂಜಿ ಆದಮ್ಯಾಲೆ. ಮೊನ್ನೆ ತಗೊಂಡೆ, ಮಾರಿ ಕೆಂಪಾತು. ನಿನ್ನೆ ತಗೊಂಡೆ, ಮತ್ತ ಆತು. ಹಗಲೆಲ್ಲ ಗಟ್ಟಿ ಇದ್ದೆ." ಹೇಳಹೇಳುತ್ತ ಅವನ ಧ್ವನಿ ಏರಿತು. "ಖಾದರಾ, ನೀ ಆಸವ ಕುಡೀತೀಯೇನ?"

"ನನಗ್ಯಾಕ ಬೇಕೋ. ದ್ರಾಕ್ಷಿ ಮಾರತೇನಿ ಅಷ್ಟ. ಯಾ ಖುದಾ, ಆ ದ್ರಾಕ್ಷಿ ಕೊಟ್ಟಾಂವ ನಾನ ಅಲ್ಲೇನ?"

ಮೂವರೂ ಒಮ್ಮೆಲೇ ಮಾತಾಡತೊಡಗಿದರು. ಕಡೆಗೆ ಡಾಕ್ಟರ ಮೇಜು ಬಡಿದು ಬಾಯಿ ಮುಚ್ಚಿಸಿದನು.

"ಕೇಳ್ರಿ ಅಜ್ಜಾರ. ಸೆರೆ ಮೈಯೊಳಗ ಹೋತಂದ್ರ ಮೊದಲ ಅದು ಒಂದು ವಿಷ ಆಗತೈತಿ. ಆ ವಿಷ ಕೂಡಲೆ ಹಿಂದಿನ ಬಾಗಿಲಿನಿಂದ ಹೊರಗ ಹೋಗಿಬಿಡತೈತಿ, ನಮಗ ಗೊತ್ತೂ ಆಗೂದಿಲ್ಲ. ಈ ಮಸಿ ಅಣಬ್ಯಾಗ ಒಂದು ರಸಾಯನ ಐತಿ. ಅದು ಆ ಹಿಂದಿನ ಬಾಗಲಾ ಮುಚ್ಚಿ ಅಗಳಿ ಹಾಕತೈತಿ. ವಿಷ ನಡುಮನ್ಯಾಗ ಸಿಕ್ಕೊಂಡು ದಾಂಧಲೆ ಎಬ್ಬಸತೈತಿ. ಅಣಬಿ ಒಂದ ತಿಂದ್ರ ಏನೂ ಇಲ್ಲ. ಆಸವ ಒಂದ ಕುಡದ್ರ ಏನೂ ಇಲ್ಲ. ಎರಡೂ ಕೂಡಿದ್ವೋ, ಕೆಂಡ. ಅಣಬಿ ತಿಂದು ಮೂರು ನಾಕು ದಿನದ ಮಟಾ ಆ ಅಗಳಿ ಹಂಗ ಇರತೈತಿ."

"ಆ ರಸಾಯನಕ್ಕ ಹೆಸರೇನು?"

"ಇನ್ನೂ ಯಾರಿಗೂ ಸಿಕ್ಕಿಲ್ಲರಿ. ಆದರ ಅದರಂಥಾದ್ದ ಇನ್ನೊಂದು ಡೆನ್ಮಾರ್ಕ ಅನ್ನೂ ದೇಶದಾಗ ಸಿಕ್ಕೈತಿ. ಇಬ್ಬರು ಡಾಕ್ಟರು ಜಂತಿನ ಔಷಧ ಹುಡುಕತ ತಾವ ನುಂಗಿ ನೋಡಿದರು. ಆಮ್ಯಾಲೆ ಒಂದೀಟು ಕುಡದರು ನೋಡ್ರಿ, ನಿಮ್ಮಂಗ ಕೆಂಪಾದರು. ಈಗ ಆ ಗುಳಿಗಿ ಕೊಟ್ಟು ಕುಡುಕರನ್ನ ಬಿಡಸಾಕತ್ತಾರ."

ಅವನು ಕಪಾಟಿನಿಂದ ಒಂದು ಹಸಿರು ಬಾಟಲಿ ಈಚೆ ತೆಗೆದನು. "ಇದು ಜರೀಗಿಡದ ಬೇರಿನ ಎಣ್ಣಿ. ಹೂ ಇಲ್ಲ, ಕಾಯಿ ಇಲ್ಲ, ಯಾರೂ ತಿರುಗಿ ನೋಡದ ಗಿಡ. ಹೊಟ್ಟ್ಯಾಗಿನ ಲಾಡಿಹುಳ ಕಿತ್ತು ಒಗೀತೈತಿ. ಬಾವಿ ಗ್ವಾಡಿಗೆ ಹಸರ ನಾಲಿಗಿಯಂಗ ಅಂಟಿಕೊಂಡು ಒಂದು ಬೆಳೀತೈತಲ್ಲ, ಅದನ್ನ ಬಸವನಹುಳ ಯಾಕ ಮೇಯೂದಿಲ್ಲ? ಅದರಾಗೂ ಏನೋ ಐತಿ. ಇವಕ್ಕ ಓಡಾಕ ಕಾಲಿಲ್ಲ, ಹಾಯಾಕ ಕೋಡಿಲ್ಲ. ಮ್ಯಾಲಿನವ ಒಂದೊಂದಕ್ಕ ಒಂದೊಂದು ರಸಾಯನ ಕೊಟ್ಟು ಕಳಿಸ್ಯಾನ."

ಹೊಳಬಸಪ್ಪ ಕೊರಳ ಲಿಂಗವನ್ನು ಮುಟ್ಟಿಕೊಂಡನು. ಬಾವಿಗೋಡೆಯ ಪಾಚಿಯನ್ನೂ ಬರಿಗೈಲಿ ಬಿಡದ ದೇವರು ಆ ಹುಡುಗಿಯನ್ನು ಹೇಗೆ ಬಿಟ್ಟಾನು? ಎದೆ ಮತ್ತೆ ದಡದಡ ಎನ್ನುತ್ತಿತ್ತು, ಆದರೆ ಇದು ಬೇರೆ ದಡದಡ. ಮರುಕ್ಷಣವೇ ಇನ್ನೊಂದು ಅರಿವು ಬಂದು ಚುಚ್ಚಿತು. ಸೊಸೆಯನ್ನು ಉಳಿಸಬೇಕಾದರೆ ತಾನು ಕುಡಿದವನೆಂದು ಊರಿಗೆ ಹೇಳಬೇಕು. ಅದಾದರೂ ಆದೀತು. ಸುಶೀಲವ್ವ ತನ್ನ ಕೈಯಾರೆ ಮಾಡಿಟ್ಟದ್ದಕ್ಕೆ ಸೆರೆ ಎಂಬ ಹೆಸರು ಇಡಬೇಕಲ್ಲ.

"ಬಸ್ಸು ಎಷ್ಟೊತ್ತಿಗೈತಿ, ಖಾದರಾ?" ಅಂದನು. "ಡಾಕ್ಟರ, ನೀವೂ ಬರ್ರಿ. ನನ್ನ ಮಾತು ನಮ್ಮಕ್ಕ ನಂಬೂದಿಲ್ಲ."

ಬಂಕಾಪುರದಲ್ಲಿ ಇಳಿದು ಮೂವರೂ ಕೆಸರು ತುಳಿಯುತ್ತ ಹೆಚ್ಚುಕಡಿಮೆ ಓಡಿದರು. ಮನೆಯ ಮುಂದೆ ಮಾದೇವಿಯ ಟ್ರಂಕು ಕಟ್ಟೆಯ ಮೇಲಿತ್ತು. ಅವಳು ಸೆರಗು ಹೊದ್ದು ಅದರ ಪಕ್ಕದಲ್ಲಿ ನಿಂತಿದ್ದಳು. ಬಸ್ಸಿನವರೆಗೆ ಒಯ್ಯಲು ನೀಲಪ್ಪ ಚಕ್ಕಡಿಗೆ ಎತ್ತು ಹೂಡುತ್ತಿದ್ದನು. ನೆರೆಹೊರೆಯವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಇಂಥ ಕಡೆ ತಪ್ಪದ ಗುದ್ಲೆಪ್ಪನೂ ಇದ್ದನು.

"ಎತ್ತು ಬಿಡು, ನೀಲಪ್ಪಾ," ಅಂದನು ಹೊಳಬಸಪ್ಪ. ಒಳಗೆ ಹೋಗಿ ಭರಣಿ ತಂದು ಅಂಗಳದ ನಡುವೆ ಇಟ್ಟನು. "ಮದ್ದು ಇಲ್ಲ, ಮಾಟ ಇಲ್ಲ. ಅಣಬಿ ಉಂಡು ನಾ ಇದನ್ನ ಕುಡದೆ. ಎರಡಕ್ಕೂ ಕೂಡಿಬರೂದಿಲ್ಲ. ಇದರಾಗ," ಅವನು ಭರಣಿಯ ಮೇಲೆ ಕೈ ಇಟ್ಟನು, "ಸೆರೆ ಐತಿ."

ಅನ್ನವ್ವ ಸಿಡಿದೆದ್ದಳು. "ಯಾರು ಹೇಳಿದರು? ನಮ್ಮ ಸುಶೀಲಾ ಸೆರೆ ಮಾಡ್ಯಾಳೇನು? ಲಿಂಗದೊಳಗ ಬೆರೆತ ಜೀವಕ್ಕ ಈ ಮಾತೇನು? ಸೊಸಿ ಸಲುವಾಗಿ ಸತ್ತ ಹೇಣ್ತಿ ಮ್ಯಾಲೆ ಹಾಕತೀಯಲ್ಲೋ. ತಾ ಇಲ್ಲಿ."

ಯಾರಾದರೂ ತಡೆಯುವ ಮೊದಲೇ ಭರಣಿಯ ಅರಿವೆ ಬಿಚ್ಚಿ, ಪಕ್ಕದ ಬಟ್ಟಲಿಗೆ ಬಗ್ಗಿಸಿಕೊಂಡು ಒಂದೇ ಗುಟುಕಿಗೆ ಕುಡಿದುಬಿಟ್ಟಳು.

"ನೋಡ್ರಿ ಎಲ್ಲಾರೂ," ಅಂದಳು ಬಾಯಿ ಒರೆಸಿಕೊಳ್ಳುತ್ತ. "ಇದು ಅಮೃತ. ಏನೂ ಆಗೂದಿಲ್ಲ."

"ಅವ್ವಾರ," ಅಂದನು ಡಾಕ್ಟರ ಮೆಲ್ಲಗೆ, "ನೀವು ಪಲ್ಯ ಎಷ್ಟು ಉಂಡಿದ್ರಿ?"

"ಎರಡು ಸಲ ಹಾಕಿಸಿಕೊಂಡಾರರಿ," ಅಂದನು ನೀಲಪ್ಪ. ಮೂರು ದಿನದಲ್ಲಿ ಅವನು ಆಡಿದ ಮೊದಲ ಮಾತು ಅದು.

"ಹಂಗಾರ ಇಲ್ಲೆ ಕುಂತ್ಕೊಳ್ರಿ. ಹೆದರಬ್ಯಾಡ್ರಿ, ನಾ ಅದೇನಿ."

ಗುದ್ಲೆಪ್ಪ ಮುಂದೆ ಬಂದು ಕೈ ಮುಗಿದನು. "ಡಾಕ್ಟರ, ಪಲ್ಯ ಉಣದಾಂವ ಒಬ್ಬ ಕುಡದು ತೋರಿಸಿದರ ಚಲೋ ಅಲ್ಲೇನ್ರಿ? ಅಧ್ಯಕ್ಷರ ಅಂಗಳದಾಗ, ಅಧ್ಯಕ್ಷರ ಮುಂದ. ಈ ಭಾಗ್ಯ ಮತ್ತ ಬರೂದಿಲ್ಲ."

"ಕೊಡ್ರಿ ಅವಗ," ಅಂದನು ಡಾಕ್ಟರ ನಗುತ್ತ. "ಅದೂ ಬೇಕು."

ಗುದ್ಲೆಪ್ಪ ಕಣ್ಣು ಮುಚ್ಚಿ ಎರಡು ಚಮಚೆ ಕುಡಿದು, ಬಟ್ಟಲಿನ ಅಂಚನ್ನೂ ನೆಕ್ಕಿದನು. ಎಲ್ಲರ ಕಣ್ಣು ಎರಡು ಮುಖಗಳ ಮೇಲೆ. ಗುದ್ಲೆಪ್ಪನದು ಎಣ್ಣೆ ಹಚ್ಚಿದ ಗಾಣದ ಹಾಗೆ ತಣ್ಣಗೆ ಹೊಳೆಯುತ್ತಿತ್ತು. ಅನ್ನವ್ವ ಇನ್ನೂ ಮಾತಾಡುತ್ತಲೇ ಇದ್ದಳು. ಮಾಸೂರಿನವರ ಗುಣ, ನಾಯಿಕೊಡೆ, ಕಲಿಗಾಲ. ಮಾತಿನ ನಡುವೆ ಒಮ್ಮೆ ಕಿವಿ ಮುಟ್ಟಿಕೊಂಡಳು. ಇನ್ನೊಮ್ಮೆ ಕುತ್ತಿಗೆ ಒರೆಸಿಕೊಂಡಳು. ಆಮೇಲೆ ಮಾತು ನಿಂತಿತು. ಕುಂಕುಮದ ಭರಣಿ ಉರುಳಿದಂತೆ ಅವಳ ಮುಖದ ಮೇಲೆ ಕೆಂಪು ಹರಡಿತು.

"ತಮ್ಮಾ," ಅಂದಳು ಸಣ್ಣ ಧ್ವನಿಯಲ್ಲಿ, "ಎದಿ ಹಾರಾಕತ್ತೈತಿ."

ಎಲ್ಲರಿಗಿಂತ ಮೊದಲು ಓಡಿದವಳು ಮಾದೇವಿ. ಒಳಗಿಂದ ತಣ್ಣೀರು ತಂದು, ಸೆರಗಿನ ತುದಿ ಒದ್ದೆ ಮಾಡಿ ಅತ್ತೆಯ ಹಣೆಗೆ ಒತ್ತಿದಳು. ತಂಬಿಗೆಯನ್ನು ಬಾಯಿಗೆ ಹಿಡಿಯಲು ಹೋದವಳು, ತನ್ನ ಕೈನೀರು ಎಂಬುದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು. ಅನ್ನವ್ವ ಆ ಕೈಯನ್ನೇ ಹಿಡಿದೆಳೆದು ನೀರು ಕುಡಿದಳು.

ಡಾಕ್ಟರ ನಾಡಿ ಹಿಡಿದು ಪಕ್ಕದಲ್ಲೇ ಕುಳಿತನು. ದೀಪ ಹಚ್ಚುವ ಹೊತ್ತಿಗೆ ಕೆಂಪು ಇಳಿಯಿತು. ಮಾಸೂರಿನವರು ಗೊತ್ತಿದ್ದು ತಿನ್ನುತ್ತಾರೆ, ಗೊತ್ತಿಲ್ಲದ ಅಣಬೆ ಮಾತ್ರ ಯಾರೂ ಮುಟ್ಟಬಾರದು, ಕೊಲ್ಲುವ ಜಾತಿಯೂ ಇವೆ ಎಂದು ನೆರೆದವರಿಗೆಲ್ಲ ಹೇಳಿ ಅವನು ಬಸ್ಸಿಗೆ ಹೊರಟನು. ಟ್ರಂಕನ್ನು ನೀಲಪ್ಪ ಯಾರೂ ಹೇಳದೆಯೇ ಒಳಗೆ ಹೊತ್ತೊಯ್ದನು.

ಅಂದು ಮಠದಲ್ಲಿ ಪುರಾಣ ಮುಗಿದ ಮೇಲೆ ಹೊಳಬಸಪ್ಪ ಮತ್ತೆ ಅದೇ ಕಂಬದ ಹತ್ತಿರ ನಿಂತನು.

"ಮೊನ್ನೆ ನಕ್ಕವರು ಖರೇನ ನಕ್ಕಿರಿ. ಗೊತ್ತಿಲ್ಲದ, ಔಷಧ ಅಂತ, ನಾ ದಿನಾ ಕುಡೀತಿದ್ದೆ. ನಮ್ಮ ಸೊಸಿ ಮಾದೇವಿ ಮ್ಯಾಲೆ ಯಾರರ ಮಾತು ಹಾಕಿದ್ದರ ಅದನ್ನ ಇಲ್ಲೇ ಬಿಟ್ಟು ಹೋಗ್ರಿ. ಅಧ್ಯಕ್ಷ ಬ್ಯಾರೇದಾಂವನ್ನ ಮಾಡ್ಕೊಳ್ರಿ."

"ಬ್ಯಾಡ್ರಿ," ಅಂದನು ಗುದ್ಲೆಪ್ಪ ಹಿಂದಿನಿಂದ. "ಈಗ ನಿಮಗ ಅನುಭವನೂ ಆಗೈತಿ. ನೀವ ಇರ್ರಿ."

ಮಠ ನಕ್ಕಿತು. ಹೊಳಬಸಪ್ಪನೂ ನಕ್ಕನು. ಸುಶೀಲವ್ವ ಹೋದ ಮೇಲೆ ತಾನು ಹೀಗೆ ಹೊಟ್ಟೆತುಂಬ ನಕ್ಕದ್ದು ಇದೇ ಮೊದಲು ಎಂದು ಮನೆಯ ದಾರಿಯಲ್ಲಿ ಅವನಿಗೆ ಹೊಳೆಯಿತು.

ಮನೆಗೆ ಬಂದವನು ಭರಣಿಯನ್ನು ಎತ್ತಿಕೊಂಡು ಹೋಗಿ ಒಲೆಯ ಮುಂದೆ ಕುಳಿತಿದ್ದ ಸೊಸೆಯ ಮಡಿಲಲ್ಲಿ ಇಟ್ಟನು. ಅನ್ನವ್ವ ಚಾಪೆಯ ಮೇಲಿಂದ ನೋಡುತ್ತಿದ್ದಳು. ಅವಳಿಗೂ ಕೇಳಲಿ ಎಂದೇ ಅವನು ಗಟ್ಟಿಯಾಗಿ ಹೇಳಿದನು:

"ಇದು ಇನ್ನ ನಿನ್ನ ಕೈಯಾಗಿರಲಿ. ನೀ ಬಗ್ಗಿಸಿ ಕೊಟ್ಟರಷ್ಟ ಕುಡೀತೇನಿ. ನಾನಾಗೇ ಮುಟ್ಟೂದಿಲ್ಲ."

ಮಾದೇವಿ ಭರಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಈ ವಾರ ಇಲ್ಲರಿ ಮಾವಾರ," ಅಂದಳು. "ಹುಣ್ಣಿವಿ ದಾಟಲಿ. ಮಳಿಗಾಲದಾಗ ಯಾವಾಗ ಕೊಡಬೇಕು, ಯಾವಾಗ ಬ್ಯಾಡ, ನಾ ನೋಡ್ಕೋತೇನಿ. ಅಣಬಿ ಮತ್ತ ಬರತಾವು."

"ಬರಲಿ," ಅಂದಳು ಅನ್ನವ್ವ ಚಾಪೆಯಿಂದ. "ಪಲ್ಯಕ್ಕ ಉಪ್ಪು ಒಂದೀಟು ಕಡಿಮಿ ಆಗಿತ್ತು."

ಹೊಳಬಸಪ್ಪ ಹೊರಡಲು ಎದ್ದವನು ಬಾಗಿಲಲ್ಲಿ ನಿಂತನು.

"ಮಾದೇವೀ, ಬರೇ ವಾಸನಿ ತಗೊಂಡರ ಏನೂ ಆಗೂದಿಲ್ಲಲ್ಲ?"

ಮಾದೇವಿ ಭರಣಿಯ ಅರಿವೆ ಬಿಚ್ಚಿ, ಎದ್ದು ಬಂದು, ಒಂದು ಹನಿಯೂ ತುಳುಕದಂತೆ ಅವನ ಮುಂದೆ ಹಿಡಿದಳು.